ಒಂದು ದಿನದ ರಜೆ

ಕಂಪ್ಯೂಟರಿನ ಮುಂದೆ ಕುಳಿತಿದ್ದ ದಸ್ತಗೀರನ ವಹಿಯಲ್ಲಿ ಒಂದೇ ಸಾಲಿತ್ತು. ಜತ್ತದ ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ಇಂಟರ್ನೆಟ್ ಬಂದ ಹೊಸತು. ಮನಸ್ಸು ಹಗುರಾದರೆ ಕೆಲಸವೂ ಚುರುಕಾಗುತ್ತದೆಂದು ಕೆಲಸಗಾರರಿಗೆ ಆನ್‌ಲೈನ್ ತರಬೇತಿ ಹಾಕಿಸಿದ್ದೆ. ತಿಂಗಳಲ್ಲಿ ನಡೆದ ಮೂರು ಒಳ್ಳೆಯ ಸಂಗತಿ ಬರೆಯುವುದು ಅಂದಿನ ಪಾಠ.

"ಒಂದಕ್ಕ ಮುಗಿಸಿದೆಲ್ಲೋ, ಇಲ್ಲೂ ಚೌಕಾಶಿ ಏನು?" ಎಂದೆ.

"ಮತ್ತೊಂದು ನೆನಪಾಗಲಿಲ್ರಿ ಸಾವ್ಕಾರ್ರ. ನೀವು ಒಂದಿನ ರಜಾ ಕೊಟ್ರಿ, ಜೀವ ಇದ್ದಾಗ ಹೆಂಡ್ತಿ ಮಕ ನೋಡಿ ಬಂದೆ. ಅದನ್ನ ಬರದೀನ್ರಿ."

ಆಕೆ ಮಿರಜದ ಆಸ್ಪತ್ರೆಯಲ್ಲಿದ್ದಾಗ ಅವನು ಕೇಳಿದ್ದು ನಾಲ್ಕು ದಿನ. ಮಾಲಿನ ದರ ಇಳಿಸಿದಂತೆ ಜಗ್ಗಾಡಿ ಒಂದಕ್ಕೆ ಇಳಿಸಿದವನು ನಾನು. ಅವನು ಮರಳಿ ಬಂದ ಮರುದಿನವೇ ಆಕೆ ತೀರಿಕೊಂಡಳು.

ಮಾಲೀಕರೇ, ಯಾವುದಕ್ಕೆ ಬೇಕಾದರೂ ಚೌಕಾಶಿ ಮಾಡಿ, ಕೆಲಸದವನು ಕೇಳಿದ ರಜೆಗೆ ಮಾತ್ರ ಬೇಡ. ದಸ್ತಗೀರ ನನ್ನನ್ನು ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.