ಸಾಹೇಬರ ‘ಅಮ್ಮಾ ಬಅದ್’

ಕಿರ್ರ್... ಕಿರ್ರ್... ಮೊಮ್ಮಗಳು ಕ್ಯಾಲಿಗ್ರಫಿ ಕ್ಲಾಸಿಗೆಂದು ತಂದ ಬಿದಿರಿನ ಲೇಖನಿ ನಿನ್ನೆ ಕಾಗದದ ಮೇಲೆ ಹೀಗೆ ಸದ್ದು ಮಾಡಿತು. ನಾನು ಟೀ ಕಪ್ಪನ್ನು ಹಾಗೇ ಕೆಳಗಿಟ್ಟೆ. ಅದೇ ಸೌಂಡ್! ಟಿ. ನರಸೀಪುರದ ನಮ್ಮ ಮನೆಯ ಗೋಡೆಯಾಚೆ, ಹಕೀಮ್ ಸಾಹೇಬರ ಜಗಲಿಯಿಂದ ಬರುತ್ತಿದ್ದ ಸದ್ದು.

ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬಂದರೆ ನನ್ನ ವಾಸ ಆ ಜಗಲಿಯಲ್ಲೇ. ಸಾಹೇಬರ ಬಳಿ ಅವರ ತಾತ ಕೈಯಲ್ಲಿ ಬರೆದಿಟ್ಟ ಅರಬ್ಬಿ ವೈದ್ಯದ ಪುಸ್ತಕವಿತ್ತು. ದೇವರ ಸ್ತುತಿ, ಪ್ರವಾದಿಗೆ ಸಲಾಮು ಇದ್ದ ಮೊದಲ ಹಾಳೆಯನ್ನು ಗೆದ್ದಲು ತಿಂದಿತ್ತು. ಸಾಹೇಬರ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಮಂಜಾಗುವ ಮೊದಲು ಆ ಹಾಳೆಯನ್ನು ತಾವೇ ಬರೆದು ಸೇರಿಸಬೇಕೆಂದು ಅವರ ಹಟ.

“ಬರೀ ಇಂಟ್ರೊಡಕ್ಷನ್ ತಾನೇ? ಸ್ಕಿಪ್ ಮಾಡಿ ಸಾಹೇಬ್ರೇ,” ಅಂದಿದ್ದೆ.

“ನಿಮ್ಮಮ್ಮ ದಿನಸಿ ಚೀಟಿಗೂ ಮೇಲೆ ಶ್ರೀ ಹಾಕ್ತಾರಲ್ಲ ಬೇಟಿ, ಹೋಗಿ ಅವ್ರಿಗೇಳು, ಸ್ಕಿಪ್ ಮಾಡಿ ಅಂತ!”

ಸ್ತುತಿಯಲ್ಲೇ ಪುಸ್ತಕದ ವಿಷಯದ ಸುಳಿವು ಇರಬೇಕಂತೆ. ಅದಕ್ಕೇ ‘ನೋವನ್ನು ಮೈಯಲ್ಲಿಟ್ಟು, ಮದ್ದನ್ನು ಬೇರಿನಲ್ಲಿ ಬಚ್ಚಿಟ್ಟವನಿಗೆ ಸ್ತುತಿ’ ಎಂದು ಕಟ್ಟಿದ್ದರು. ಅರ್ಥ ಕೇಳಿ ನನಗೆ ಮೈಯೆಲ್ಲ ಥ್ರಿಲ್!

ಬರೆಯುವ ಮೊದಲು ಎಲ್ಲವನ್ನೂ ಜೋರಾಗಿ ಹೇಳಿ ನೋಡುತ್ತಿದ್ದರು. ಒಂದು ದಿನ ಸ್ತುತಿ ಮುಗಿದದ್ದೇ “ಅಮ್ಮಾ ಬಅದ್” ಎಂದರು. ನನಗೆ ಕೇಳಿಸಿದ್ದು ‘ಅಮ್ಮಾ, ಬಾ’! ಓಡಿಹೋಗಿ ಅಮ್ಮನನ್ನು ಎಳೆದು ತಂದೆ. ರಾಗಿಹಿಟ್ಟಿನ ಕೈಯಲ್ಲೇ ಬಂದಳು.

“ಏನ್ ಸಾಹೇಬ್ರೇ, ಕರುದ್ರಂತೆ?”

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅದು ಅರಬ್ಬಿ ಕಣಮ್ಮಾ. ‘ಅದಾದ ಮೇಲೆ’ ಅಂತ. ಸ್ತುತಿ ಆಯ್ತು, ಇನ್ನು ವಿಷಯಕ್ಕೆ ಬರೋಣ ಅಂತ.”

“ಸರಿ ಬುಡಿ. ಬರ್ದು ಮುಗುದ್ ದಿನ ಹಂಗೇ ಕೂಗಿ, ಕಾಫಿ ತತ್ತೀನಿ.”

ಆಮೇಲೆ ಎಷ್ಟು ಹಾಳೆ ಹಾಳಾದವೋ... ಸಾಲು ಜಾರುತ್ತಿತ್ತು, ಅಕ್ಷರದ ಮೇಲೆ ಅಕ್ಷರ ಬೀಳುತ್ತಿತ್ತು. ನನ್ನ ರಜೆಯ ಕೊನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು: “ಅಮ್ಮಾ ಬಅದ್!” ಅಮ್ಮ ಕಾಫಿ ಚೆಲ್ಲಿಕೊಂಡೇ ಓಡಿದಳು. ಹಳೆಯ ಹಾಳೆಗಳ ಮೇಲೆ ಹೊಸದು, ಶಾಯಿ ಇನ್ನೂ ಹಸಿ... ನಾನು ಅಲ್ಲೇ ಕುಣಿದಿದ್ದೆ.

ಮುಂದಿನ ರಜೆಗೆ ಬಂದಾಗ ಜಗಲಿ ಖಾಲಿ. ಪುಸ್ತಕ ಅವರ ಮಗಳ ಮನೆ ಸೇರಿತ್ತು, ಸಾಹೇಬರು ಮಣ್ಣು ಸೇರಿದ್ದರು. ಈಗ ಅಮ್ಮನೂ ಇಲ್ಲ. ಆ ಎರಡು ಪದ ಹೇಳಿದರೆ ನಗುವವರು ಯಾರೂ ಉಳಿದಿಲ್ಲ...

ಸಾಹೇಬರನ್ನು ಕೊನೆಯ ಸಲ ನೋಡಿದ್ದು ಹಾಳೆ ಬರೆದು ಮುಗಿಸಿದ ಆ ಬೆಳಿಗ್ಗೆಯೇ, ಬಸ್ ಸ್ಟ್ಯಾಂಡಿನಲ್ಲಿ. ನನ್ನನ್ನು ಕಳಿಸಲು ಬಂದವರು ಇನ್ಯಾರದೋ ಕಿಟಕಿಗೆ ಕೈ ಬೀಸುತ್ತಿದ್ದರು. ನಾನು ತಲೆ ಹೊರಗೆ ಹಾಕಿ ಕೂಗಿದೆ: “ಅಮ್ಮಾ ಬಅದ್!” ಸಾಹೇಬರು ಥಟ್ಟನೆ ನನ್ನ ಕಡೆ ತಿರುಗಿ, ನಕ್ಕರು.