ಬಿಚ್ಚಿ ಮತ್ತ ಹೆಣಿ

ಶಿಗ್ಗಾಂವಿಯ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ವರ್ಷ ನನಗೆ ಹೆಣಿಗೆ ಕಲಿಯುವ ಹುಚ್ಚು ಹತ್ತಿತು. ಚಳಿಯಲ್ಲಿ ನಸುಕಿಗೇ ಹತ್ತಿ ಬಿಡಿಸಲು ಹೋಗುವ ಅವ್ವನಿಗೆ ಒಂದು ಸ್ವೆಟರ್ ಹಾಕಿಕೊಡಬೇಕೆಂಬ ಆಸೆ. ನಮ್ಮ ತಡಸದಲ್ಲಿ ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಮಧ್ಯಾಹ್ನದ ಹೊತ್ತು ತಮ್ಮ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೆಣಿಗೆ ಹೇಳಿಕೊಡುತ್ತಿದ್ದರು, ಅದೂ ಪುಕ್ಕಟೆ. ಮೊದಲ ದಿನ ಅವರು ನನ್ನನ್ನು ಕೇಳಿದ್ದು ಒಂದೇ ಮಾತು.

"ನಿಮ್ದು ಯಾವ ಓಣಿ ತಂಗಿ?"

ಊರ ಹೊರಗಿನ ನಮ್ಮ ಕೇರಿಯ ಹೆಸರು ಹೇಳಿದೆ. "ಹೌದಾ, ಚೊಲೋ ಆತು, ಕುಂದ್ರು" ಎಂದು ಬಾಗಿಲ ಹತ್ತಿರದ ಜಾಗ ತೋರಿಸಿದರು. ಒಳ್ಳೆ ಗಾಳಿ ಬರುವ ಜಾಗ ಕೊಟ್ಟರಲ್ಲ ಎಂದು ನಾನು ಖುಷಿಪಟ್ಟೆ.

ಹೆಣಿಗೆ ಹೊಸಬರ ಮಾತು ಕೇಳುವುದಿಲ್ಲ. ಕಡ್ಡಿಯಿಂದ ಒಂದು ಕುಣಿಕೆ ಜಾರಿದರೆ ಸಾಲುಸಾಲು ಕೆಳಗಿಳಿದುಬಿಡುತ್ತದೆ. ಬಲ್ಲವರು ಇಸಿದುಕೊಂಡು ಅದನ್ನು ಎತ್ತಿಕೊಟ್ಟರೆ ಕ್ಷಣದ ಕೆಲಸ. ಉಳಿದವರಿಗೆಲ್ಲ ಅಕ್ಕೋರು ಹಾಗೇ ಎತ್ತಿಕೊಡುತ್ತಿದ್ದರು. ನನಗೆ ಮಾತ್ರ ಅಷ್ಟು ದೂರದಿಂದಲೇ ಕನ್ನಡಕ ಸರಿಮಾಡಿಕೊಂಡು, "ಎಲ್ಲಾ ಬಿಚ್ಚಿ ಮತ್ತ ಹೆಣಿ ತಂಗಿ. ಬಿಚ್ಚಿದ್ರನ ಕೈ ತಿದ್ದೂದು" ಎನ್ನುವರು. ನಾನು ಬಿಚ್ಚುತ್ತಿದ್ದೆ. ಬಿಚ್ಚಿ ಬಿಚ್ಚಿ ಉಣ್ಣೆಯ ದಾರ ಹಳೇ ಕಂಬಳಿಯಂತೆ ಜೂಲು ಎದ್ದಿತು. ಇವರಿಗೆ ನನ್ನ ಮೇಲೆ ಹೆಚ್ಚು ನಿಗಾ, ಅದಕ್ಕೇ ಈ ಶಿಸ್ತು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ನನ್ನಂಥ ಮಬ್ಬಿ ಇನ್ನೊಬ್ಬಳಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಫೋನು ಬಂತೆಂದು ಅಂಗಳಕ್ಕಿಳಿಯುವಾಗ ನನ್ನ ಹೆಣಿಗೆಯನ್ನು ಪಕ್ಕದ ಹುಡುಗಿಯ ತೊಡೆಯ ಮೇಲಿಟ್ಟೆ. ತಿರುಗಿ ಬಂದರೆ ಅಕ್ಕೋರು ಅದನ್ನು ಅವಳದೆಂದು ತಿಳಿದು, ಜಾರಿದ ಕುಣಿಕೆ ಎತ್ತುತ್ತಿದ್ದರು. ಎಷ್ಟು ಚೆಂದ ಓಡುತ್ತಿದ್ದವು ಆ ಬೆರಳುಗಳು!

"ಅದು ನಂದಲ್ರಿ ಅಕ್ಕೋರ, ಅವರದು" ಎಂದಳು ಹುಡುಗಿ ನನ್ನತ್ತ ಕೈ ಮಾಡಿ.

ಅಕ್ಕೋರು ಬೈಯಲಿಲ್ಲ. ಮುಖವನ್ನೂ ಕಿವುಚಲಿಲ್ಲ. ಮೆಲ್ಲಗೆ ಅದನ್ನು ನೆಲಕ್ಕಿಟ್ಟು ಒಳಗೆ ಹೋದರು. ಬಚ್ಚಲಲ್ಲಿ ನೀರಿನ ಸಪ್ಪಳವಾಯಿತು. ಕೈ ಒರೆಸಿಕೊಳ್ಳುತ್ತಾ ಬಂದು, "ಹೂಂ, ಎಲ್ಲಿಗೆ ಬಂತು ತಂಗಿ?" ಎಂದು ನಗುತ್ತಲೇ ಕೇಳಿದರು. ಅಂಗಡಿಯಲ್ಲಿ ಇದೇ ಅಕ್ಕೋರಿಗೆ ನಾನು ಸೀರೆ ಬಿಡಿಸಿ ತೋರಿಸಿ, ಮಡಿಚಿ ಕೊಟ್ಟವಳು. ಆಗ ಕೇರಿಯ ಮಾತೇ ಬಂದಿರಲಿಲ್ಲ. ಮಾತು ಬೆಲ್ಲ, ಕರುಳು ಕತ್ತರಿ ಎನ್ನೋಣವೆಂದರೆ ಅವರ ಕರುಳೂ ಮೆತ್ತಗೇ ಇತ್ತು. ನನಗೆ ಅದೇ ಹೆಚ್ಚು ಉರಿ.

ಹೋಗುವುದನ್ನು ಬಿಡಲಿಲ್ಲ. ಹಟಕ್ಕೆ ಬಿದ್ದು ಕಲಿತೆ. ಅವ್ವನ ಸ್ವೆಟರ್ ಮುಗಿಯಿತು. ಅಕ್ಕೋರ ಮಗಳು ಹಡೆದಾಗ ಕೂಸಿನ ತಲೆಗೆ ಕುಲಾವಿ ಹೆಣೆಯಲು ಅವರು ಹೇಳಿದ್ದೂ ನನಗೇ.

"ನಿನ್ನ ಕೈ ಈಗ ನನ್ನ ಕೈಕಿಂತ ಚೊಲೋ ಆಗೇತಿ ತಂಗಿ."

ಹೆಣೆದೆ. ಇನ್ನೇನು ಮುಗಿಯಿತು ಎನ್ನುವಾಗ ಬೇಕೆಂತಲೇ ಒಂದು ಕುಣಿಕೆ ಜಾರಿಸಿ, ಕಡ್ಡಿ ಸಮೇತ ಅವರ ಮುಂದೆ ಹಿಡಿದೆ.

"ಇದೊಂದ ಎತ್ತಿಕೊಡ್ರಿ ಅಕ್ಕೋರ, ನನಗ ಬರವಲ್ದು."

ಕೈ ಮುಂದೆ ಬಂತು. ಮುಟ್ಟಲಿ ದೇವರೇ, ಒಂದು ಸಲ ಮುಟ್ಟಿಬಿಡಲಿ, ಹಿಂದಿನದನ್ನೆಲ್ಲ ಮರೆತುಬಿಡುತ್ತೇನೆ ಅಂದುಕೊಂಡೆ. ಕೈ ಅರ್ಧಕ್ಕೆ ನಿಂತು, ಸೆರಗು ಸರಿಮಾಡಿಕೊಳ್ಳಲು ಹೋಯಿತು.

"ಅದೇನ್ ಮಹಾ, ಬಿಚ್ಚಿ ಮತ್ತ ಹೆಣಿ ತಂಗಿ. ಮುಗಿದ ಮ್ಯಾಲೆ ಅಲ್ಲೇ ಇಟ್ಟು ಹೋಗು. ಹೆಂಗೂ ನೀರಾಗ ಒಗದ ಕೂಸಿಗೆ ಹಾಕೋದೈತಿ."

ಕಡ್ಡಿ ಎಳೆದೆ. ಅವರ ಕಣ್ಣೆದುರೇ ಕುಲಾವಿಯನ್ನು ಪೂರ್ತಿ ಬಿಚ್ಚಿ, ದಾರದ ಗುಡ್ಡೆಯನ್ನು ಪಡಸಾಲೆಯ ನಡುವೆ ಬಿಟ್ಟು ಎದ್ದು ಬಂದೆ.

ಕೇರಿಯಲ್ಲಿ ಭೇಷ್ ಅಂದರು. ಅವ್ವ ಅನ್ನಲಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದು, ನಾನು ಹೇಳಿದ್ದನ್ನೆಲ್ಲ ಕೇಳಿ, "ಆಕಿ ಮುಟ್ಟಲಿಲ್ಲ, ಖರೆ. ಕೂಸ ಏನ ಮಾಡಿತ್ತವಾ ನಿನಗ?" ಎಂದಳು.

"ದೊಡ್ಡದಾದ ಮ್ಯಾಲೆ ಅದೂ ಹಂಗ ಮಾಡತೈತಿ" ಅಂದುಬಿಟ್ಟೆ.

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ರೊಟ್ಟಿ ಬಡಿಯಲು ಕುಳಿತಳು. ಹಸುಗೂಸಿನ ಬಗ್ಗೆ ಆಡಿದ ಆ ಮಾತು ತಪ್ಪೆಂದು ನನಗೆ ಗೊತ್ತು. ಸುಳ್ಳೆಂದು ಮಾತ್ರ ಇವತ್ತಿಗೂ ಅನ್ನಿಸಿಲ್ಲ.