ಹನ್ನೆರಡಾಗಲೆಂದು ಕಾದ ಮಾತು

ಭಾನುವಾರ, ಜುಲೈ ಹದಿಮೂರು. ಬೆಳಗ್ಗೆ ಆರೂ ನಲವತ್ತಕ್ಕೆ ಬರೆಯಲು ಕೂತೆ. ಅಮ್ಮ ಫಿಲ್ಟರಿಗೆ ಬಿಸಿನೀರು ಸುರಿದಾಗಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೊದಲ ಪುಟವಾದರೂ ಮುಗಿಯಬೇಕು.

ನಾನು ಕೆಲಸ ಮಾಡುವುದು ಚೆನ್ನೈಯ ಉತ್ತರ ತುದಿಯ ಮಣಲಿಯಲ್ಲಿ, ಯಂತ್ರಗಳಿಗೆ ಹಾಕುವ ಎಣ್ಣೆಯನ್ನು ಬೆರೆಸಿ ಡ್ರಮ್ಮುಗಳಿಗೆ ತುಂಬುವ ಒಂದು ಸಣ್ಣ ಕಂಪನಿಯಲ್ಲಿ. ಲ್ಯಾಬಿನವರು ಎಣ್ಣೆಯನ್ನು ಪರೀಕ್ಷಿಸಿ ಕೊಟ್ಟ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಸೇರಿ ಮೂರನೆಯ ವರ್ಷ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಆ ದಿನ ಕಚೇರಿಯಲ್ಲಿ ತಿಳಿದುಕೊಂಡ ಸಂಗತಿಗಳನ್ನು ಮೂರು ಪಾಲು ಮಾಡಿ ಎಣಿಸುವ ಅಭ್ಯಾಸ ನನಗಿದೆ: ಸಂಬಂಧಪಟ್ಟವರೇ ಹೇಳಿದ್ದು, ಇನ್ನೊಬ್ಬರ ಬಾಯಿಂದ ಬಂದದ್ದು, ಯಾರೂ ಹೇಳದೆ ನಾವೇ ಊಹಿಸಿಕೊಂಡದ್ದು. ಮೂರನೆಯ ಪಾಲು ಮೊದಲಿನದಕ್ಕಿಂತ ಕಡಿಮೆಯಾದ ದಿನ ಈವರೆಗೆ ಸಿಕ್ಕಿಲ್ಲ. ಇದನ್ನು ತಮಾಷೆಯ ಲೆಕ್ಕವೆಂದೇ ಇಟ್ಟುಕೊಂಡಿದ್ದೆ. ಜೂನ್ ಇಪ್ಪತ್ತರ ಶುಕ್ರವಾರದ ನಂತರ ಅದು ತಮಾಷೆಯಾಗಿ ಉಳಿದಿಲ್ಲ.

ಲ್ಯಾಬಿನಲ್ಲಿ ಒಬ್ಬ ಅಕ್ಕ ಇದ್ದಳು. ತಿರುವೊಟ್ಟಿಯೂರಿನವಳು, ಮೀನುಗಾರರ ಮನೆಯ ಹೆಣ್ಣುಮಗಳು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಏಳು ವರ್ಷದಿಂದ ಗುತ್ತಿಗೆಯ ಮೇಲೆ ಕೆಲಸ. ಆ ಗುತ್ತಿಗೆ ಜೂನ್ ಕೊನೆಗೆ ಮುಗಿಯುವುದಿತ್ತು. ಅಷ್ಟರಲ್ಲಿ ಖಾಯಂ ಆಗದಿದ್ದರೆ ಗುತ್ತಿಗೆದಾರ ಅವಳನ್ನು ಊರಿನ ಆ ತುದಿಯ ಒರಗಡಂಗೆ ಕಳಿಸುವವನಿದ್ದ. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ. ಮಗ ಎರಡನೆಯ ಕ್ಲಾಸು, ಗಂಡ ಕಡಲಿಗಿಳಿದರೆ ಯಾವಾಗ ಬರುತ್ತಾನೆಂದು ಹೇಳುವಂತಿಲ್ಲ. ಮಣಲಿಯಾದರೆ ಹುಡುಗ ಸ್ಕೂಲಿಂದ ಬರುವ ಹೊತ್ತಿಗೆ ಅವಳೂ ಮನೆಯಲ್ಲಿರುತ್ತಿದ್ದಳು. ಈ ವರ್ಷ ಇಡೀ ಕಾರ್ಖಾನೆಗೆ ಮಂಜೂರಾದದ್ದು ಒಂದೇ ಒಂದು ಖಾಯಂ ಜಾಗ.

ಲ್ಯಾಬೂ ಸೇರಿದ ನಮ್ಮ ವಿಭಾಗದ ಹಿರಿಯರು ಅವಳ ಹೆಸರನ್ನೇ ಹೇಳುವುದೆಂದು ನಿಶ್ಚಯಿಸಿದ್ದರು. ಅವರದು ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ವೈಷ್ಣವರ ಮನೆ. ನಮ್ಮ ತಾತ ರೈಲ್ವೆಯಲ್ಲಿದ್ದವರೆಂದೂ ಮನೆಮಾತು ಕನ್ನಡವೆಂದೂ ಗೊತ್ತಾದ ದಿನದಿಂದ ನನ್ನ ಜೊತೆ ಕನ್ನಡವನ್ನೇ ಆಡುತ್ತಾರೆ. ಅದರಲ್ಲಿ ಅರ್ಧ ತಮಿಳು ಎಂದರೆ ಒಪ್ಪುವುದಿಲ್ಲ, ನಿನ್ನದರಲ್ಲಿ ಮುಕ್ಕಾಲು ಇಂಗ್ಲಿಷ್ ಎನ್ನುತ್ತಾರೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಪರವಾಗಿಯಾದರೂ ಒಳ್ಳೆಯ ಮಾತು ಹೇಳಬೇಕಾದರೆ ಅದನ್ನು ಮೇಲ್ ಮಾಡುವುದಿಲ್ಲ, ಫೋನಿನಲ್ಲಿ ಹೇಳುವುದಿಲ್ಲ. ವಿಭಾಗದ ಹಿರಿಯರು ಮ್ಯಾನೇಜರ ಕೋಣೆಗೆ ಹೋಗಿ ಎದುರು ನಿಂತು ಬಾಯಾರೆ ಹೇಳಬೇಕು. ಬರೆದದ್ದಕ್ಕಿಂತ ನಿಂತು ಹೇಳಿದ್ದಕ್ಕೆ ಬೆಲೆ ಹೆಚ್ಚು ಎಂದು ಎಲ್ಲರೂ ನಂಬಿದ್ದಾರೆ, ನಾನೂ ನಂಬಿದ್ದೆ. ಮ್ಯಾನೇಜರ್ ಆ ವಾರ ಎಲ್ಲ ವಿಭಾಗದವರಿಗೂ ಶುಕ್ರವಾರ ತಾನು ಮಧುರೈಯ ಮುಖ್ಯ ಕಚೇರಿಗೆ ಹೋಗುವುದಾಗಿಯೂ ಹೊರಡುವ ಮೊದಲು ಬಂದು ಹೆಸರು ಹೇಳಬೇಕೆಂದೂ ತಿಳಿಸಿದ್ದರು. ಬುಧವಾರವೇ ಹಿರಿಯರು ಅಕ್ಕನನ್ನು ಕರೆದು, ನಿನ್ನದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದರು.

ಶುಕ್ರವಾರ ಹಿರಿಯರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದರು. ಹತ್ತಕ್ಕೆ ಮ್ಯಾನೇಜರ ಬಾಗಿಲಿನವರೆಗೆ ಹೋದರು. ಒಳಗೆ ಫೋನಿನ ಮಾತು ನಡೆದಿತ್ತು. ಹೊರಗೇ ನಿಂತರು. ಆ ಫೋನು ಮುಗಿಯುವ ಹೊತ್ತಿಗೆ ಗಡಿಯಾರ ಹತ್ತೂವರೆ ದಾಟಿತ್ತು. ಅವರು ಬಾಗಿಲಿಂದ ಹಿಂತಿರುಗಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಯಾಕೆ ಸಾರ್, ಫೋನು ಮುಗೀತಲ್ಲ ಎಂದೆ.

“ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಮಾ. ಪಾಪ, ಆ ಪೊಣ್ಣಿನ ಜೀವನದ ವಿಷಯ. ಕೆಟ್ಟ ವೇಳೇಲಿ ಬಾಯಿ ಬಿಟ್ಟು ನಾನೇ ಕೆಡಿಸ್ಲಾ? ಸಾರೂ ಅದೆಲ್ಲ ರೊಂಬ ನೋಡ್ತಾರೆ. ಅವರ ಗೋಡೆ ಮೇಲೆ ನೋಡಿಲ್ವಾ ನೀನು?”

ನೋಡಿದ್ದೆ. ಮ್ಯಾನೇಜರ ಕುರ್ಚಿಯ ಹಿಂದೆ ದಿನಕ್ಕೊಂದು ಹಾಳೆ ಹರಿಯುವ ದಪ್ಪ ತಮಿಳು ಕ್ಯಾಲೆಂಡರ್ ಇದೆ, ರಾಹುಕಾಲ, ಯಮಗಂಡ ಎಲ್ಲ ಅಚ್ಚಾಗಿರುವಂಥದ್ದು. ಅದರ ಹಾಳೆ ಒಂದು ದಿನವೂ ಹಳತಾಗಿ ಉಳಿದದ್ದಿಲ್ಲ. ಅವರು ರಾಹುಕಾಲದಲ್ಲಿ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂಬುದು ನಾನು ಸೇರಿದ ದಿನವೇ ಕಿವಿಗೆ ಬಿದ್ದಿತ್ತು. ಹಾಗಾಗಿ ಆ ಒಂದೂವರೆ ಗಂಟೆ ಅವರ ಕೋಣೆಗೆ ಯಾರೂ ಹೊಸ ವಿಷಯ ಒಯ್ಯುತ್ತಿರಲಿಲ್ಲ.

ಹಿರಿಯರು ಕಾದರು. ಲ್ಯಾಬಿನ ಗಾಜಿನ ಗೋಡೆಯ ಆಚೆ ಅಕ್ಕ ಎಣ್ಣೆಯ ಸೀಸೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಎರಡು ಸಲ ಈ ಕಡೆ ನೋಡಿದಳು, ಏನೂ ಕೇಳಲಿಲ್ಲ. ಕೇಳಿದರೆ ದೊಡ್ಡವರ ಮಾತನ್ನು ನಂಬಲಿಲ್ಲ ಎಂದಾಗುತ್ತದಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಹನ್ನೆರಡು ಹೊಡೆದ ಮೇಲೆ ಹಿರಿಯರು ಮುಖ ತೊಳೆದು ಹೋದರು. ಕೋಣೆ ಖಾಲಿ. ಎಣ್ಣೂರು ರಸ್ತೆಯಲ್ಲಿ ಕಂಟೇನರ್ ಲಾರಿಗಳು ಸಾಲುಗಟ್ಟಿ ನಿಂತಿವೆಯೆಂದು ತಿಳಿದು, ಎಗ್ಮೋರಿನಲ್ಲಿ ರೈಲು ತಪ್ಪೀತೆಂದು ಮ್ಯಾನೇಜರ್ ಕಾರು ನಿಲ್ಲುವ ಕಡೆಯ ಇನ್ನೊಂದು ಬಾಗಿಲಿಂದ ಹನ್ನೊಂದೂವರೆಗೇ ಹೊರಟುಬಿಟ್ಟಿದ್ದರು. ಫೋನ್ ಮಾಡಿ ಎಂದೆ. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಮರ್ಯಾದೆ ಇರುವುದಿಲ್ಲ ಎಂದರು. ಊಟದ ಡಬ್ಬಿ ಬಿಚ್ಚಿದರು, ಮೊಸರನ್ನ ಕಲಸಿದರು, ತಿನ್ನದೆ ಮುಚ್ಚಿದರು. ಎರಡು ಗಂಟೆಯ ಮೇಲೆ ಫೋನ್ ಕೈಗೆತ್ತಿಕೊಂಡರು.

ರೈಲು ಆಗಲೇ ತಾಂಬರಂ ದಾಟಿತ್ತು. ನಡುನಡುವೆ ಲೈನು ಹೋಗುತ್ತಿತ್ತು, ಅದಕ್ಕಾಗಿ ಹಿರಿಯರು ಸ್ಪೀಕರ್ ಹಾಕಿದರು. ಹೀಗಾಗಿ ಮ್ಯಾನೇಜರ ಉತ್ತರ ನನಗೂ ಕೇಳಿಸಿತು. ಬೆಳಗಿನ ಆ ಫೋನು ಮುಗಿದ ಮೇಲೆ ಬಾಗಿಲು ತೆಗೆದಿಟ್ಟುಕೊಂಡು ಸುಮಾರು ಒಂದು ಗಂಟೆ ಕೂತಿದ್ದೆ ಎಂದರು ಅವರು ತಮಿಳಿನಲ್ಲಿ. ನೀವು ಬಾಗಿಲವರೆಗೆ ಬಂದು ಹಿಂದೆ ಹೋದದ್ದನ್ನು ಕಂಡೆ. ಆ ಹೆಣ್ಣುಮಗಳ ಹೆಸರು ಹೇಳಲು ನಿಮಗೇ ಮನಸ್ಸಿಲ್ಲವೆಂದುಕೊಂಡೆ. ನಾನಾಗಿ ಕರೆದು ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ಡ್ರಮ್ಮು ತುಂಬುವ ಫಿಲ್ಲಿಂಗ್ ವಿಭಾಗದವರು ಗುರುವಾರವೇ ಒಂದು ಹೆಸರು ಹೇಳಿದ್ದರು. ಆದೇಶ ಇವತ್ತೇ ಸಿದ್ಧವಾಗಬೇಕೆಂದು ಅದನ್ನೇ ಕಾರಿನಿಂದ ಮಧುರೈಗೆ ತಿಳಿಸಿಬಿಟ್ಟೆ.

ಹಿರಿಯರು ಸರಿ ಸಾರ್, ಸರಿ ಸಾರ್ ಎಂದು ಫೋನ್ ಇಟ್ಟರು. ರಾಹುಕಾಲದ ಮಾತನ್ನು ಅವರು ಎತ್ತಲಿಲ್ಲ. ಅಕ್ಕ ಸೀಸೆ ತೊಳೆಯುವುದನ್ನು ನಿಲ್ಲಿಸಿ ಗಾಜಿನ ಹತ್ತಿರ ಬಂದು ನಿಂತಿದ್ದಳು. ಅವರ ಮುಖ ನೋಡಿಯೇ ಅವಳಿಗೆ ತಿಳಿಯಿತು.

ಮುಂದಿನ ಮಂಗಳವಾರ ಮ್ಯಾನೇಜರ್ ಹಿಂತಿರುಗಿದರು. ಪರೀಕ್ಷೆಯ ವರದಿಗಳನ್ನು ಕೊಡಲು ಹೋದವಳು ಆ ಕ್ಯಾಲೆಂಡರ್ ನಿಮ್ಮದಾ ಸಾರ್ ಎಂದು ಕೇಳಿದೆ. ಕೇಳುವ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ಕುರ್ಚಿ ತಿರುಗಿಸಿ ಗೋಡೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ತಾನು ಬರುವ ಮೊದಲೇ ಅಲ್ಲಿ ಅಂಥದೊಂದು ಇತ್ತು, ಹೊಸ ವರ್ಷಕ್ಕೆ ಹೊಸದನ್ನು ಯಾರು ತೂಗುಹಾಕುತ್ತಾರೋ, ಹಾಳೆ ಯಾರು ಹರಿಯುತ್ತಾರೋ ತಿಳಿಯದು ಎಂದರು. ಹರಿಯುವವಳು ಬೆಳಗ್ಗೆ ಕಸ ಗುಡಿಸುವ ಹೆಂಗಸು. ಗೋಡೆ ನೀಟಾಗಿರಲಿ ಎಂದು ಹರಿಯುತ್ತಾಳೆ. ನಾನು ಅವಳನ್ನೂ ಕೇಳಿದೆ.

ಮ್ಯಾನೇಜರ್ ಯಾಕೆ ಕೇಳಿದೆ ಎಂದರು. ಹೇಳಿದೆ. ಅವರು ವರದಿಯ ಮೂಲೆಯನ್ನು ಮಡಿಸಿದರು. “ಆ ಹೊತ್ತಲ್ಲಿ ನನ್ನ ಹತ್ರ ಯಾರೂ ಬರೋದಿಲ್ಲ ಅಂತ ನಾನೂ ಗಮನಿಸಿದ್ದೀನಿ. ನಿಮ್ಮ ಊರಿನವರಿಗೆ ಅದು ಮುಖ್ಯ ಅಂತ ನಾನು ಸುಮ್ಮನೆ ಇದ್ದೆ,” ಎಂದರು. ಮಧುರೈಯವರಾದ ಅವರಿಗೆ ನಾವು ಚೆನ್ನೈಯವರು ಬೇರೆ ಊರಿನವರು. ಮಧುರೈಗೆ ಫೋನ್ ಮಾಡಿಯೂ ನೋಡಿದರು. ಆದೇಶ ಆಗಲೇ ಹೊರಟಾಗಿತ್ತು. ಆ ಜಾಗಕ್ಕೆ ಬಂದ ಫಿಲ್ಲಿಂಗ್ ವಿಭಾಗದವನೂ ಒಳ್ಳೆಯ ಕೆಲಸಗಾರನೇ.

ಜೂನ್ ಮೂವತ್ತು ಅಕ್ಕನ ಕೊನೆಯ ದಿನ. ಕ್ಯಾಂಟೀನಿನಲ್ಲಿ ನಾವು ಮೂವರೇ ಚಹಾಕ್ಕೆ ಕೂತಿದ್ದೆವು. ಹಿರಿಯರು ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿದರು, ಬಾಗಿಲಿಂದ ಹಿಂದೆ ಬಂದದ್ದನ್ನೂ ಬಿಡಲಿಲ್ಲ. ನಿನ್ನ ಒಳ್ಳೆಯದಕ್ಕೇ ಕಾದೆ ಎಂದರು. ಅವಳು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು.

“ಎನ್ನ ಒರು ವಾರ್ತೈ ಕೇಟ್ಟಿರುಕ್ಕಲಾಮೇ ಸಾರ್,” ಎಂದಳು. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಸಾರ್. ತಮ್ಮ ಮನೆಯಲ್ಲಿ ಗಂಡಸರು ಗಾಳಿ ನೋಡಿ ದೋಣಿ ಇಳಿಸುತ್ತಾರೆ, ರಾಹುಕಾಲ ಯಾವಾಗ ಬರುತ್ತದೆಂದು ತನಗೆ ಗೊತ್ತೇ ಇಲ್ಲ ಎಂದಳು. ಬೈಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನೀನಾದರೂ ಗಾಜು ಬಡಿದು ಹೇಳಬಾರದಿತ್ತಾ ಚಿನ್ನ, ನಾನೇ ಒಳಗೆ ಹೋಗಿ ನಿಲ್ಲುತ್ತಿದ್ದೆ ಎಂದು ನಕ್ಕಳು. ಹಿರಿಯರು ನಗಲಿಲ್ಲ.

ಜುಲೈ ಒಂದರಿಂದ ಅವಳು ಒರಗಡಂಗೆ ಹೋಗುತ್ತಿದ್ದಾಳೆ. ಕತ್ತಲಿರುವಾಗಲೇ ಮನೆ ಬಿಡುತ್ತಾಳೆ, ಹುಡುಗ ಸ್ಕೂಲು ಬಿಟ್ಟ ಮೇಲೆ ಚಿಕ್ಕಮ್ಮನ ಮನೆಗೆ ಹೋಗುತ್ತಾನೆ. ಲ್ಯಾಬಿನಲ್ಲಿ ಅವಳು ಮಾಡುತ್ತಿದ್ದ ಕೆಲಸಕ್ಕೆ ಇನ್ನೂ ಯಾರೂ ಬಂದಿಲ್ಲ.

ಆ ಶುಕ್ರವಾರದ ಎಣಿಕೆಯನ್ನು ಮತ್ತೆ ಮಾಡಿ ನೋಡಿದೆ. ಮ್ಯಾನೇಜರು ಹಿರಿಯರ ಮನಸ್ಸನ್ನು, ಹಿರಿಯರು ಮ್ಯಾನೇಜರ ನಂಬಿಕೆಯನ್ನು, ಅಕ್ಕ ಹಿರಿಯರ ಮರ್ಯಾದೆಯನ್ನು ಊಹಿಸಿಕೊಂಡು ಕೂತಿದ್ದರು. ಮೂರನೆಯ ಪಾಲಿಗೆ ಮೂರು, ಮೊದಲನೆಯದಕ್ಕೆ ಸೊನ್ನೆ. ಯಾರೂ ಯಾರಿಗೂ ಕೆಡುಕು ಬಯಸಿರಲಿಲ್ಲ. ಯಾರಾದರೂ ಸ್ವಲ್ಪ ಒರಟಾಗಿದ್ದರೆ ಅವಳ ಕೆಲಸ ಉಳಿಯುತ್ತಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಅಂಥ ಕಚೇರಿಯಲ್ಲಿ ನಾನು ಮೂರು ವರ್ಷ ಇರುತ್ತಿದ್ದೆನೋ ಇಲ್ಲವೋ.

ಮೊನ್ನೆ ಶುಕ್ರವಾರ, ಹನ್ನೊಂದನೆಯ ತಾರೀಖು, ಹಿರಿಯರು ಕೆಲಸದ ನಡುವೆ ಅಕ್ಕನಿಗೆ ಫೋನ್ ಮಾಡಿದರು. ಮುಂದಿನ ಜಾಗ ಬಂದರೆ ವಾಪಸು ಬರಲು ನಿನಗೆ ಇಷ್ಟವಾ, ನಿನ್ನ ಹೆಸರು ಈಗಲೇ ಹೇಳಿಡಲಾ ಎಂದು ಕೇಳಿದರು. ಅಲ್ಲಿ ಯಂತ್ರಗಳ ಸದ್ದಿತ್ತೋ ಏನೋ, ಎರಡು ಸಲ ಕೇಳಬೇಕಾಯಿತು. ಹೇಳಿ ಎಂದಳು. ಹಿರಿಯರು ಎದ್ದು ಷರಟನ್ನು ಸರಿಮಾಡಿಕೊಂಡು ಗಡಿಯಾರ ನೋಡಿದರು. ಹತ್ತೂ ಐವತ್ತು.

“ಹೋಗಿ ಬರ್ತೀನಿ ಮಾ,” ಎಂದರು, ದೂರದ ಊರಿಗೆ ಹೊರಟವರ ಹಾಗೆ. ಮ್ಯಾನೇಜರ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಎದುರು ನಿಂತರು. ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ನಾನಾಗಿಯೇ ಕೇಳಿದೆ. ಇನ್ನೊಂದು ಜಾಗ ಈ ವರ್ಷವೇ ಬರುತ್ತದೆಂದು ಭರವಸೆಯಿಲ್ಲ, ಆದರೆ ಬಂದರೆ ಮೊದಲ ಹೆಸರು ಅವಳದು ಎಂದು ಮ್ಯಾನೇಜರ್ ಒಪ್ಪಿದ್ದಾರೆ ಎಂದರು. ಆಮೇಲೆ ಕೈ ತೊಳೆದುಕೊಂಡು ಬಂದರು, ಯಾಕೆಂದು ನಾನು ಕೇಳಲಿಲ್ಲ, ರಾಹುಕಾಲದ ದೋಷಕ್ಕಿರಬೇಕು ಎಂದುಕೊಂಡೆ. ಸಂಜೆಯ ಎಣಿಕೆಯಲ್ಲಿ ಅದನ್ನು ಮೂರನೆಯ ಪಾಲಿಗೆ ಹಾಕಿದೆ.

ಡಿಕಾಕ್ಷನ್ ಇಳಿದು ತಣ್ಣಗಾಗಿದೆ, ಅಮ್ಮ ಎರಡು ಸಲ ಕರೆದಾಯಿತು. ಒಂದು ಸಂಗತಿ ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಒಳ್ಳೆಯ ಮಾತನ್ನು ನಿಂತೇ ಹೇಳಬೇಕು, ಹೊತ್ತು ನೋಡಿಯೇ ಹೇಳಬೇಕು ಎಂಬುದು ನಮ್ಮ ಒಂದು ಕಚೇರಿಯ ರೂಢಿಯೋ, ಈ ಕಡೆಯ ಬ್ಯಾಂಕು, ರೈಲ್ವೆ, ಕಾರ್ಖಾನೆಗಳಲ್ಲೂ ಇದ್ದದ್ದೋ? ಇದ್ದಲ್ಲಿ, ಹಿರಿಯರ ಮನಸ್ಸು ನೋಯಿಸದೆ ಅದನ್ನು ದಾಟಿದವರು ಹೇಗೆ ದಾಟಿದರು? ಅಲ್ಲೆಲ್ಲ ಕೆಲಸ ಮಾಡಿದ ಕನ್ನಡದವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಬಲ್ಲವರು ಎರಡು ಸಾಲಾದರೂ ಬರೆದು ತಿಳಿಸಿ. ಬರೆಯಲು ಹೊತ್ತು ನೋಡಬೇಕಾಗಿಲ್ಲ.